ಹದಿನೈದು ತುಂಬಿದ ಕಾರು: ಇಟ್ಟುಕೊಳ್ಳೋಣವೇ, ಕೊಟ್ಟುಬಿಡೋಣವೇ?

ಎಪಿ 02 ಫಲಕದ ಕಾರನ್ನು ಇನ್ನೂ ಮನೆ ಮುಂದೆ ನಿಲ್ಲಿಸಿಕೊಂಡಿರುವ ಸದಸ್ಯರು ನಮ್ಮಲ್ಲಿ ಕಡಿಮೆಯಿಲ್ಲ. ಆಂಧ್ರದಲ್ಲಿ 2019ರಿಂದ ಇಡೀ ರಾಜ್ಯಕ್ಕೆ ಎಪಿ 39 ಎಂಬ ಒಂದೇ ಸರಣಿ ಬಂದ ಮೇಲೆ ಅನಂತಪುರದ ಹಳೆಯ 02 ಹೊಸ ಗಾಡಿಗಳಿಗೆ ಸಿಗುತ್ತಿಲ್ಲ. ಹಿಂದೂಪುರದ ಬೀದಿಯಲ್ಲಿ ಆ ಫಲಕ ಕಂಡರೆ ಗಾಡಿ ಆರೇಳು ವರ್ಷಕ್ಕಿಂತ ಹಳೆಯದು ಎಂದೇ ಲೆಕ್ಕ. ಅವುಗಳಲ್ಲಿ 2010, 2011ರಲ್ಲಿ ಕೊಂಡವು ಈಗ ಒಂದೊಂದಾಗಿ ಹದಿನೈದರ ಗೆರೆ ಮುಟ್ಟುತ್ತಿವೆ. ಮೋಟಾರು ವಾಹನ ಕಾಯ್ದೆ 1988ರ 41ನೇ ಕಲಮಿನಂತೆ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಆರ್‌ಸಿ ಮುಗಿಯುವ ತಿಂಗಳು ಹತ್ತಿರ ಬಂದಂತೆ ಮನೆಯಲ್ಲಿ ಚರ್ಚೆ ಶುರು: ಮಗ ಮಾರೋಣ ಎನ್ನುತ್ತಾನೆ, ಅಪ್ಪ ಇನ್ನೈದು ವರ್ಷ ಓಡುತ್ತದೆ ಎನ್ನುತ್ತಾರೆ.

ಭಾಷೆ, ಶಾಲೆ, ಗಡಿ ಎಂದು ಬರೆಯುವ ಈ ಪುಟದಲ್ಲಿ ಕಾರಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಕಡೆ ಕಾರು ಬಹಳ ಮಂದಿಗೆ ಷೋಕಿಯ ವಸ್ತುವಲ್ಲ. ದೊಡ್ಡ ಆಸ್ಪತ್ರೆ ಎಂದರೆ ಬೆಂಗಳೂರು. ಹೆಣ್ಣು ಕೊಟ್ಟಿರುವುದು ಮಧುಗಿರಿಗೋ ಗೌರಿಬಿದನೂರಿಗೋ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೊರಟರೆ ಆಂಧ್ರದ ಎರಡು ಊರುಗಳ ನಡುವೆ ಒಂದು ತುಂಡು ಕರ್ನಾಟಕವನ್ನು ದಾಟಬೇಕು. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಧುಗಿರಿಯ ಮೂಲಕ ತುಮಕೂರಿಗೆ ಸೇರಬೇಕಾದ ರೈಲು ಮಾರ್ಗ ಇನ್ನೂ ಪೂರ್ಣವಾಗಿಲ್ಲ. ಸಂಜೆ ಮೇಲೆ ಬಸ್ಸು ಸಿಗುವುದು ಅದೃಷ್ಟದ ಮಾತು. ಇಂಥ ಕಡೆ ಮನೆಯ ಒಂದೇ ಕಾರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದು ಲಕ್ಷಗಳ ಪ್ರಶ್ನೆ, ಕೆಲವೊಮ್ಮೆ ರಾತ್ರಿ ಎರಡು ಗಂಟೆಯ ಪ್ರಶ್ನೆ.

ಅದರ ಮೇಲೆ 2025ನೇ ಇಸವಿ ಹಳೆ ಕಾರಿನವರನ್ನು ಮೂರು ಕಡೆಯಿಂದ ಅಲ್ಲಾಡಿಸಿತು. ನವೀಕರಣ ಶುಲ್ಕ ಏರಿತು, ಪೆಟ್ರೋಲಿನಲ್ಲಿ ಎಥೆನಾಲ್ ಶೇ 20ಕ್ಕೆ ಮುಟ್ಟಿತು, ಹೊಸ ಸಣ್ಣ ಕಾರಿನ ಜಿಎಸ್‌ಟಿ ಇಳಿಯಿತು. ಮೂರನ್ನೂ ಒಟ್ಟಿಗೆ ಕೇಳಿಸಿಕೊಂಡವರಿಗೆ ಸರ್ಕಾರವೇ ಹಳೇ ಗಾಡಿ ಮಾರಿ ಎಂದು ಹೇಳುತ್ತಿರುವಂತೆ ಕಂಡರೆ ತಪ್ಪಿಲ್ಲ. ಆದರೆ ಒಂದೊಂದನ್ನೇ ಕಾಗದದ ಮೇಲೆ ಬರೆದು ನೋಡಿದರೆ ಚಿತ್ರ ಬೇರೆಯಾಗುತ್ತದೆ.

ಮೊದಲು ಶುಲ್ಕ. ಹದಿನೈದು ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿತು. ಕೇಳಲು ದೊಡ್ಡದು. ಆದರೆ ಐದು ವರ್ಷಕ್ಕೆ ಹಂಚಿದರೆ ಮೊದಲನೆಯದು ವರ್ಷಕ್ಕೆ ಒಂದು ಸಾವಿರ, ಎರಡನೆಯದು ಎರಡು ಸಾವಿರ. ಜೊತೆಗೆ ಗ್ರೀನ್ ಟ್ಯಾಕ್ಸ್ ಇದೆ, ಓಡಾಟದ ಖರ್ಚಿದೆ. ಆದರೂ ಇದು ಕಾರು ಮಾರಲು ಕಾರಣವಾಗುವ ಮೊತ್ತವಲ್ಲ. ಕಾರಣವಾಗಬಹುದಾದದ್ದು ಮರೆವು. ಅವಧಿ ಮುಗಿದ ಮೇಲೆ ಅರ್ಜಿ ಹಾಕಿದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಎರಡು ವರ್ಷ ಸುಮ್ಮನಿದ್ದರೆ ಅದೇ 12,000. ಅಷ್ಟೂ ದಿನ ಗಾಡಿ ನೋಂದಣಿಯಿಲ್ಲದ ಗಾಡಿ. ಅಪಘಾತವಾದರೆ ವಿಮಾ ಕಂಪನಿಯ ಮುಂದೆ ನಿಮ್ಮ ಕೈ ಖಾಲಿ.

ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ರಸ್ತೆಗೆ ಇಳಿಯುವಂತಿಲ್ಲ ಎಂಬ ವಾಟ್ಸ್‌ಆ್ಯಪ್ ಸುದ್ದಿಯನ್ನು ನಮ್ಮ ಸದಸ್ಯರೇ ಒಬ್ಬರಿಗೊಬ್ಬರು ಕಳಿಸಿದ್ದುಂಟು. ಅದು ದೆಹಲಿ ಮತ್ತು ಅದರ ಸುತ್ತಲ ರಾಜಧಾನಿ ವಲಯದ ಮಾತು. 2015ರ ಹಸಿರು ನ್ಯಾಯಮಂಡಳಿ ಆದೇಶ, 2018ರ ಸುಪ್ರೀಂ ಕೋರ್ಟ್ ಆದೇಶ, ಆಮೇಲಿನ ತಿದ್ದುಪಡಿಗಳೆಲ್ಲ ಅಲ್ಲಿಗೇ ಸಂಬಂಧಿಸಿದವು. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ಅಂಥ ನಿಷೇಧವಿಲ್ಲ.

ಎರಡನೆಯದು ಪೆಟ್ರೋಲ್. ಎಥೆನಾಲಿನ ಶಕ್ತಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಪೆಟ್ರೋಲಿಯಂ ಸಚಿವಾಲಯವೇ ಇ20ಕ್ಕೆ ಹೊಂದಿಸದ ಹಳೆ ಕಾರುಗಳಲ್ಲಿ ಶೇ 3ರಿಂದ 6ರಷ್ಟು ಇಳಿಕೆ ಎಂದು ಒಪ್ಪಿಕೊಂಡಿದೆ. ಕೆಲವು ಹಳೆ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬೇಗ ಬದಲಿಸಬೇಕಾಗಬಹುದು ಎಂದೂ ಹೇಳಿದೆ. 2023ರ ಏಪ್ರಿಲ್‌ಗೆ ಮುಂಚೆ ತಯಾರಾದ ಬಹುತೇಕ ಕಾರುಗಳು ಈ ಇಂಧನವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವಲ್ಲ. ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಬಂಕ್‌ಗಳಲ್ಲಿ ಇಡಬೇಕು ಎಂದು ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಆದ್ದರಿಂದ ಇನ್ನು ಮುಂದೆ ಇದೇ ಪೆಟ್ರೋಲ್ ಎಂದು ಲೆಕ್ಕ ಹಾಕಿ. ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದ ಕಾರು ಶೇ 5 ಕಳೆದುಕೊಂಡರೆ 14.25 ಕೊಡುತ್ತದೆ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸುವವರಿಗೆ 35 ಲೀಟರ್ ಹೆಚ್ಚು, ಹತ್ತಿರ ಹತ್ತಿರ ನಾಲ್ಕು ಸಾವಿರ ರೂಪಾಯಿ. ನೋವಾಗುವ ಮೊತ್ತ ಹೌದು, ಕಾರು ಮಾರಿಸುವ ಮೊತ್ತವಲ್ಲ.

ಮೂರನೆಯದು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದವಿಲ್ಲದ ಸಣ್ಣ ಕಾರುಗಳ ತೆರಿಗೆ, ಅಂದರೆ ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದವುಗಳದ್ದು, ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಇಳಿಯಿತು. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು. ಅದೇ ದಿನ ಬಿಡಿಭಾಗಗಳು, ಟೈರು, ಬ್ಯಾಟರಿ ಕೂಡ 28ರಿಂದ 18ಕ್ಕೆ ಬಂದದ್ದು ಅಷ್ಟು ಸುದ್ದಿಯಾಗಲಿಲ್ಲ. ಹಳೆ ಕಾರು ಇಟ್ಟುಕೊಳ್ಳುವವನಿಗೂ ಅಂದು ಏನೋ ಸಿಕ್ಕಿತು. ಹೊಸ ಕಾರಿಗೆ ನಾಲ್ಕು ಲಕ್ಷ ಸಾಲ ತೆಗೆದರೆ ಐದು ವರ್ಷಕ್ಕೆ, ಶೇ 9.5ರ ಬಡ್ಡಿಯಲ್ಲಿ, ತಿಂಗಳ ಕಂತು ಸುಮಾರು 8,400. ವರ್ಷಕ್ಕೆ ಒಂದು ಲಕ್ಷ. ಹಳೆ ಕಾರಿಗೆ ಒಂದು ವರ್ಷದಲ್ಲಿ ನಲವತ್ತು ಸಾವಿರ ಖರ್ಚಾದರೆ ನಾವು ಗೋಳಾಡುತ್ತೇವೆ; ಕಂತಿನ ಲಕ್ಷವನ್ನು ಮಾತ್ರ ಸದ್ದಿಲ್ಲದೆ ಕಟ್ಟುತ್ತೇವೆ.

ಅಂದರೆ ತೀರ್ಮಾನ ಶುಲ್ಕ, ತೆರಿಗೆ, ಇಂಧನದ ಮೇಲೆ ನಿಂತಿಲ್ಲ. ಓಡಿದ ಕಿಲೋಮೀಟರ್ ಮೇಲೂ ಅಷ್ಟಾಗಿ ನಿಂತಿಲ್ಲ. ಅಮೆರಿಕದ ಇರ್ವ್ ಗಾರ್ಡನ್ ಎಂಬ ಮೇಷ್ಟ್ರು 1966ರ ವೋಲ್ವೊ ಕಾರನ್ನು ಮೂವತ್ತು ಲಕ್ಷ ಮೈಲಿಗಿಂತ ಹೆಚ್ಚು ಓಡಿಸಿ ದಾಖಲೆ ಮಾಡಿದರು. ಪವಾಡವೇನಿಲ್ಲ, ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಹೊತ್ತಿಗೆ ಆಯಿಲ್ ಬದಲಿಸಿದೆ ಎನ್ನುತ್ತಿದ್ದರಂತೆ. ನಮ್ಮ ಸೀಮೆಯಲ್ಲಿ ಕಾರನ್ನು ಕೊಲ್ಲುವ ಎರಡು ಸಂಗತಿಗಳು ಬೇರೆ: ಒಂದು ನೀರು, ಇನ್ನೊಂದು ಕಾಗದ.

ಬೋರ್ ನೀರಿನ ಕತೆ

ಇಲ್ಲಿ ನನ್ನದೇ ಕಾರಿನ ಮಾತು ಹೇಳಬೇಕಾಗಿದೆ. 2011ರ ಪೆಟ್ರೋಲ್ ಗಾಡಿ, ಈಗ 1,72,000 ಕಿ.ಮೀ. ಓಡಿದೆ. ಲೀಟರಿಗೆ 16 ಕೊಡುತ್ತಿದ್ದದ್ದು ಎರಡು ವರ್ಷದಲ್ಲಿ 13ಕ್ಕೆ ಇಳಿಯಿತು. ಎಲ್ಲರಂತೆ ನಾನೂ ಎಥೆನಾಲಿಗೆ ಬೈದೆ. ಒಂದು ಏಪ್ರಿಲ್ ಮಧ್ಯಾಹ್ನ ಪಾವಗಡ ದಾಟಿ ಕಲ್ಯಾಣದುರ್ಗದ ಕಡೆ ಹೋಗುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹತ್ತಿತು. ಎಸಿ ಆರಿಸಿ, ಬೇವಿನ ಮರದ ಕೆಳಗೆ ನಿಲ್ಲಿಸಿ ಮುಕ್ಕಾಲು ಗಂಟೆ ಕಾದು, ನಿಧಾನವಾಗಿ ಕಲ್ಯಾಣದುರ್ಗ ಸೇರಿಸಿದೆ. ಅಲ್ಲಿನ ಮೆಕ್ಯಾನಿಕ್ ರೇಡಿಯೇಟರ್ ಕ್ಯಾಪ್ ಬಿಚ್ಚಿ ಬೆರಳು ಹಾಕಿ ತೋರಿಸಿದ. ಮೇಲೆ ಬಿಳಿ ಗಾರೆ, ಒಳಗೆ ತುಕ್ಕಿನ ಬಣ್ಣದ ನೀರು. ಆಮೇಲೆ ಹೌಸಿಂಗ್ ಬಿಚ್ಚಿ ನಕ್ಕ. "ಸಾರ್, ಇದಕ್ಕೆ ವಾಲ್ವೇ ಇಲ್ಲ."

ಎರಡು ವರ್ಷದ ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಎಸೆದಿದ್ದರು. ನಮ್ಮ ಕಡೆ ಇದು ರೂಢಿ. ಬಿಸಿಲು ಊರು, ವಾಲ್ವ್ ಇಲ್ಲದಿದ್ದರೆ ನೀರು ಸದಾ ಹರಿದಾಡಿ ಎಂಜಿನ್ ತಣ್ಣಗಿರುತ್ತದೆ ಎಂಬ ನಂಬಿಕೆ. ಎಂಜಿನ್‌ಗೆ ತಣ್ಣಗಿರುವುದು ಬೇಕಿಲ್ಲ, ಸರಿಯಾದ ಬಿಸಿ ಬೇಕು. ಥರ್ಮೋಸ್ಟಾಟ್ ಆ ಬಿಸಿ ಮುಟ್ಟುವವರೆಗೆ ರೇಡಿಯೇಟರ್ ಕಡೆಯ ದಾರಿ ಮುಚ್ಚಿಟ್ಟು, ಆಮೇಲೆ ತೆರೆಯುತ್ತದೆ. ಅದಿಲ್ಲದಿದ್ದರೆ ಬೆಳಗಿನ ಹೊತ್ತು, ಚಳಿಗಾಲದಲ್ಲಿ, ಸಣ್ಣ ಸಣ್ಣ ಓಡಾಟದಲ್ಲಿ ಎಂಜಿನ್ ಬೆಚ್ಚಗಾಗುವುದೇ ಇಲ್ಲ. ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಒಳಗಿನ ಸವೆತವೂ ಹೆಚ್ಚು. ನಾನು ಸರ್ಕಾರದ ಲೆಕ್ಕಕ್ಕೆ ಬರೆದಿದ್ದ ಮೈಲೇಜ್ ನಷ್ಟದಲ್ಲಿ ದೊಡ್ಡ ಪಾಲು ಈ ಇಲ್ಲದ ವಾಲ್ವಿನದು. ಹೊಸ ಥರ್ಮೋಸ್ಟಾಟ್, ಹೊಸ ರೇಡಿಯೇಟರ್ ಹಾಕಿಸಿದ ಮೇಲೆ ಲೀಟರಿಗೆ 15ರ ಹತ್ತಿರ ಬಂತು. ಉಳಿದ ಒಂದು ಕಿ.ಮೀ. ಎಥೆನಾಲಿನದು ಎಂದು ಈಗ ಒಪ್ಪುತ್ತೇನೆ.

ಬಿಳಿ ಗಾರೆ ಎಲ್ಲಿಂದ ಬಂತು ಎಂದು ಇಲ್ಲಿನ ಹೆಂಗಸರಿಗೆ ವಿವರಿಸಬೇಕಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ, ಬಚ್ಚಲಿನ ನಲ್ಲಿಯ ಬಾಯಲ್ಲಿ ಕಟ್ಟುವುದು ಅದೇ. ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸು ಮಳೆ ಬೀಳುವ ಹಳೆ ಅನಂತಪುರ ಜಿಲ್ಲೆಯಲ್ಲಿ ಬೋರ್ ಆಳಕ್ಕೆ ಹೋದಷ್ಟೂ ನೀರು ಗಡುಸು. ಪಾವಗಡದ ಕತೆಯೂ ಬೇರೆಯಲ್ಲ. ಇದೇ ನೀರನ್ನು ಬಾಟಲಿಯಲ್ಲಿ ತಂದು ರೇಡಿಯೇಟರಿಗೆ ಸುರಿಯುತ್ತೇವೆ. ರೇಡಿಯೇಟರಿನ ಒಳಗಿನ ಅಲ್ಯೂಮಿನಿಯಂ ಕೊಳವೆಗಳು ಬಹಳ ಸಣ್ಣವು. ಸುಣ್ಣ ಕಟ್ಟಿ ದಾರಿ ಮುಚ್ಚಿದರೆ ಬಿಸಿ ಹೊರಹೋಗುವುದಿಲ್ಲ. ನಲವತ್ತು ಡಿಗ್ರಿಯ ಮಧ್ಯಾಹ್ನ, ಎಸಿ ಹಾಕಿ, ನಾಲ್ಕು ಮಂದಿ ಕೂತು ಏರು ಹತ್ತುವಾಗ ಅದು ಗೊತ್ತಾಗುತ್ತದೆ. ಗೊತ್ತಾದ ಮೇಲೂ ಇನ್ನೈದು ಕಿ.ಮೀ. ತಾನೇ ಎಂದು ಓಡಿಸಿದರೆ ಸಿಲಿಂಡರ್ ಹೆಡ್ ಬಾಗಿ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಕಡ್ಡಿ ಎಳೆದಾಗ ಕಾಫಿಗೆ ಹಾಲು ಬೆರೆಸಿದ ಬಣ್ಣ, ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಮತ್ತೆ ಮತ್ತೆ ಕಡಿಮೆಯಾಗುವ ಕೂಲೆಂಟ್: ಇವು ಕಂಡರೆ ಗಾಡಿ ಓಡಿಸುವುದನ್ನು ನಿಲ್ಲಿಸಿ.

ಕೂಲೆಂಟ್ ಎಂದರೆ ಬಣ್ಣದ ನೀರಲ್ಲ. ಅದರೊಳಗಿನ ಗ್ಲೈಕಾಲ್ ಕುದಿಯುವ ಬಿಂದುವನ್ನು ಏರಿಸುತ್ತದೆ, ಅದಕ್ಕೆ ಬೆರೆಸಿದ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಬೆರೆಸಿಯೇ ಬರುವ ಕೂಲೆಂಟ್ ಕೊಂಡರೆ ನೀರಿನ ಗೋಜೇ ಇಲ್ಲ. ಬೆರೆಸಬೇಕಾದದ್ದನ್ನು ಕೊಂಡರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೇ ಬಳಸಿ, ಸಾಮಾನ್ಯವಾಗಿ ಅರ್ಧಕ್ಕರ್ಧ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಕ್ಯಾನ್ ನೀರು ಬೋರ್ ನೀರಿಗಿಂತ ವಾಸಿ. ಎರಡು ಮೂರು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ರೇಡಿಯೇಟರ್ ಕ್ಯಾಪ್ ಕೂಡ ಪ್ರೆಷರ್ ಕುಕ್ಕರಿನ ಮುಚ್ಚಳದ ಹಾಗೆ. ಅದರ ರಬ್ಬರ್ ಗಟ್ಟಿಯಾದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಬಿಸಿಯಿದ್ದಾಗ ಅದನ್ನು ಬಿಚ್ಚಿದರೆ ಮುಖ ಸುಟ್ಟುಕೊಳ್ಳುವುದೂ ಕುಕ್ಕರಿನ ಹಾಗೆಯೇ. ಕ್ಯಾಪ್ ನೂರರ ಲೆಕ್ಕದ ವಸ್ತು, ಸಣ್ಣ ಕಾರಿನ ರೇಡಿಯೇಟರ್ ಕೆಲವು ಸಾವಿರ. ಹೆಡ್ ಇಳಿಸಿದರೆ ಹತ್ತು ಸಾವಿರದ ಮೇಲೆ ಎಲ್ಲಿಗಾದರೂ ಹೋಗಬಹುದು. ಹದಿನೈದರ ಹೊಸ್ತಿಲಲ್ಲಿರುವ ಕಾರಿಗೆ ಒಂದೇ ಒಂದು ಖರ್ಚು ಮಾಡುವುದಾದರೆ ಬೇಸಿಗೆಗೆ ಮುಂಚೆ ಈ ಕೂಲಿಂಗ್ ಕೆಲಸ ಮಾಡಿಸಿ ಎನ್ನುತ್ತೇನೆ. ಫ್ಯಾನ್ ಮೋಟಾರ್, ಹೋಸ್ ಪೈಪುಗಳನ್ನೂ ಸೇರಿಸಿ.

ಮಿಕ್ಕ ಸವೆತಗಳು

ನೀರಿನ ನಂತರ ನಾನು ಹೆದರುವುದು ಟೈಮಿಂಗ್ ಬೆಲ್ಟಿಗೆ. ಕೆಲವು ಎಂಜಿನ್‌ಗಳಿಗೆ ಚೈನು, ಕೆಲವಕ್ಕೆ ಬೆಲ್ಟು. ಮಾರುತಿಯ ಕೆ ಸರಣಿಯ ಎಂಜಿನ್‌ಗಳಿಗೆ, ಸ್ವಿಫ್ಟ್‌ನ 1.3 ಡೀಸೆಲಿಗೆ ಚೈನು. ಹಳೆ ಆಲ್ಟೊ 800, 2010ಕ್ಕೆ ಮುಂಚಿನ ವ್ಯಾಗನ್‌ಆರ್, ಹಳೆ ಸ್ಯಾಂಟ್ರೊಗಳಿಗೆ ಬೆಲ್ಟು. ರಬ್ಬರ್ ಬೆಲ್ಟಿಗೆ ಕಿಲೋಮೀಟರ್ ಲೆಕ್ಕವೂ ಇದೆ, ವರ್ಷದ ಲೆಕ್ಕವೂ ಇದೆ. ಎರಡರಲ್ಲಿ ಯಾವುದು ಮೊದಲೋ ಅದು. ಬೆಲ್ಟು ತುಂಡಾಗುವ ಮುಂಚೆ ಸದ್ದು ಮಾಡುವುದಿಲ್ಲ. ಬಹಳಷ್ಟು ಎಂಜಿನ್‌ಗಳಲ್ಲಿ ತುಂಡಾದ ಕ್ಷಣವೇ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. ಎರಡನೇ ಕೈಯಲ್ಲಿ ಕೊಂಡ ಕಾರಾಗಿದ್ದು, ಹಿಂದಿನವರು ಯಾವಾಗ ಬದಲಿಸಿದರೆಂಬ ಬಿಲ್ಲು ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ತಿಳಿದು ಮೊದಲ ತಿಂಗಳೇ ಹಾಕಿಸಿಬಿಡಿ. ಜೊತೆಗೆ ಟೆನ್ಷನರ್ ಮತ್ತು ವಾಟರ್ ಪಂಪ್ ಕೂಡ. ಮತ್ತೆ ಅಲ್ಲಿಗೇ ಕೈ ಹಾಕುವ ಕೂಲಿ ಉಳಿಯುತ್ತದೆ.

ಕ್ಲಚ್ ಪ್ಲೇಟು, ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಬುಷ್, ಲಿಂಕ್ ರಾಡ್, ವೀಲ್ ಬೇರಿಂಗ್, ಎಂಜಿನ್ ಮೌಂಟಿಂಗ್, ಸೆಲ್ಫ್ ಮೋಟಾರ್, ಡೈನಮೊ ಇವೆಲ್ಲ ಸವೆಯುವ ವಸ್ತುಗಳು. ಒಂದು ಲಕ್ಷ ದಾಟಿದ ಕಾರಿನಲ್ಲಿ ಇವು ಸರದಿಯ ಮೇಲೆ ಬರುತ್ತವೆ, ಬಂದರೆ ಗಾಬರಿ ಬೇಡ. ಮಡಕಶಿರಾ ಕಡೆಯ ಹಳ್ಳಿ ರಸ್ತೆಗಳಲ್ಲಿ ಓಡಾಡುವವರಿಗೆ ಬುಷ್ಷು ಮತ್ತು ಲಿಂಕ್ ರಾಡ್ ಸ್ವಲ್ಪ ಬೇಗ. ಎರಡು ಭಾಗಗಳ ಮೇಲೆ ಮಾತ್ರ ಉಳಿತಾಯ ಬೇಡ. ಒಂದು ಬ್ರೇಕು, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ನಮ್ಮಲ್ಲಿ ಅದನ್ನು ನೆನಪಿಡುವವರೇ ಅಪರೂಪ. ಇನ್ನೊಂದು ಟೈರು. ಕಡಿಮೆ ಓಡುವ ಕಾರಿನ ಟೈರಿನ ಗುಂಡಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಬಿಸಿಲಿಗೆ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟೈರಿನಲ್ಲಿ ಬೇಸಿಗೆಯ ಹೈವೇಗೆ ಹೋಗಬೇಡಿ.

ಏರ್ ಫಿಲ್ಟರನ್ನು ಗ್ಯಾರೇಜಿನಲ್ಲಿ ಗಾಳಿ ಹೊಡೆದು ಮತ್ತೆ ಹಾಕಿಕೊಡುತ್ತಾರೆ. ಕಡಲೆಕಾಯಿ ಹೊಲದ ಕೆಂಪು ಧೂಳಿನ ನಮ್ಮೂರುಗಳಲ್ಲಿ ಅದು ಒಂದೆರಡು ಸಲಕ್ಕೆ ಸರಿ. ಮೂರನೇ ಸಲಕ್ಕೆ ಹೊಸದು ಕೊಳ್ಳಿ, ನಾಲ್ಕೈದು ನೂರು ರೂಪಾಯಿಯ ಮಾತು.

ನಮ್ಮ ಕಡೆಯ ಕಾರಿಗೆ ಒಂದು ವರವೂ ಇದೆ. ಇದು ಒಣ ಸೀಮೆ. ಕಾಸರಗೋಡು, ಮಂಗಳೂರಿನ ಉಪ್ಪುಗಾಳಿಯಲ್ಲಿ ಹತ್ತು ವರ್ಷಕ್ಕೆ ಬಾಗಿಲ ತಳ ತೂತಾಗುವ ಕಾರು ಇಲ್ಲಿ ಇಪ್ಪತ್ತು ವರ್ಷವಾದರೂ ಗಟ್ಟಿಯಾಗಿ ನಿಂತಿರುತ್ತದೆ. ಎಂಜಿನ್ನನ್ನು ರಿಪೇರಿ ಮಾಡಬಹುದು, ತುಕ್ಕು ತಿಂದ ಚಾಸಿಯನ್ನು ಮಾಡಲಾಗದು. ಆದ್ದರಿಂದ ಇಲ್ಲೇ ಹುಟ್ಟಿ ಬೆಳೆದ ನಿಮ್ಮ ಹಳೆ ಕಾರನ್ನು ಕೊಟ್ಟು, ಎಲ್ಲಿಂದಲೋ ಬಂದ ಕಡಿಮೆ ಕಿಲೋಮೀಟರಿನ ಎರಡನೇ ಕೈ ಕಾರು ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. 2022ರಲ್ಲಿ ಬೆಂಗಳೂರಿನ ಮಹದೇವಪುರದ ಕಡೆ, 2024ರ ಸೆಪ್ಟೆಂಬರಿನಲ್ಲಿ ವಿಜಯವಾಡದಲ್ಲಿ ಸಾವಿರಾರು ವಾಹನಗಳು ನೆರೆ ನೀರಲ್ಲಿ ನಿಂತಿದ್ದವು. ಅಂಥವು ತೊಳೆದು ಹೊಳಪು ಹಾಕಿಸಿಕೊಂಡು ಎಲ್ಲಿ ಬೇಕಾದರೂ ಮಾರಾಟಕ್ಕೆ ಬರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ತುದಿ ನೋಡಿ, ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಕೈಯಾಡಿಸಿ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಈಗ ಲ್ಯಾಪ್‌ಟಾಪಿನ ಕೆಲಸ, ಹಾಗಾಗಿ ಮೀಟರ್ ನಂಬುವ ಬದಲು ಕಂಪನಿ ಸರ್ವಿಸ್ ಸೆಂಟರಿನ ಹಳೆ ದಾಖಲೆ ಕೇಳಿ.

ಬಿಡಿಭಾಗಕ್ಕೆ ಹಿಂದೂಪುರದವರು ಬೆಂಗಳೂರಿನ ಜೆ.ಸಿ. ರಸ್ತೆಗೂ, ಕಲ್ಯಾಣದುರ್ಗದವರು ಹೆಚ್ಚಾಗಿ ಅನಂತಪುರಕ್ಕೂ ಹೋಗುತ್ತಾರೆ. ಹೋಗುವಾಗ ಆರ್‌ಸಿಯ ಚಾಸಿ ನಂಬರ್ ಜೊತೆಯಲ್ಲಿರಲಿ. ಒಂದೇ ಮಾದರಿಯ ಕಾರಿನಲ್ಲೂ ವರ್ಷಕ್ಕೊಂದು ಥರದ ಭಾಗ ಇರುತ್ತದೆ. ನಕಲಿ ಆಯಿಲ್ ಫಿಲ್ಟರ್, ನಕಲಿ ಬ್ರೇಕ್ ಪ್ಯಾಡ್ ಅರ್ಧ ಬೆಲೆಗೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಬಿಲ್ಲು ಕೊಡುತ್ತೀರಾ ಎಂದು ಕೇಳಿ ನೋಡಿ. ತಮಾಷೆಯೆಂದರೆ ಪೆನುಕೊಂಡದ ಬಳಿಯ ಕಿಯಾ ಕಾರ್ಖಾನೆ ವರ್ಷಕ್ಕೆ ಮೂರು ಲಕ್ಷ ಹೊಸ ಕಾರು ಮಾಡುವ ಸಾಮರ್ಥ್ಯದ್ದು, ನಮ್ಮಿಂದ ಒಂದು ಗಂಟೆಯ ದಾರಿ. ನಾವು ಹದಿನೈದು ವರ್ಷದ ಗಾಡಿಯ ಬುಷ್ಷಿಗಾಗಿ ಅದನ್ನು ಹಾದು ಹೋಗುತ್ತೇವೆ.

ಎರಡು ರಾಜ್ಯ, ಒಂದು ಆರ್‌ಸಿ

ಇನ್ನು ಕಾಗದ. ಗಡಿಯವರಿಗೆ ಇದು ಉಳಿದವರಿಗಿಂತ ತೊಡಕಿನ ವಿಷಯ. ಬೆಂಗಳೂರಿನಲ್ಲಿ ಆಯ್ಕೆ ಹೆಚ್ಚು, ಬೆಲೆ ಕಡಿಮೆ ಎಂದು ಕೆಎ ನಂಬರಿನ ಹಳೆ ಕಾರು ತಂದು ಹಿಂದೂಪುರದಲ್ಲಿ ಓಡಿಸುವವರು ಬಹಳ. ಚಿಕ್ಕಬಳ್ಳಾಪುರದ 40, ಮಧುಗಿರಿಯ 64 ಇಲ್ಲಿ ದಿನವೂ ಕಾಣುತ್ತವೆ. ನೆಂಟರು ಬಂದು ಹೋಗುವ ಗಾಡಿಗೆ ತೊಂದರೆಯಿಲ್ಲ. ಆದರೆ ಕಾಯ್ದೆಯ 47ನೇ ಕಲಮಿನಂತೆ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ರಾಜ್ಯದ ನಂಬರ್ ಪಡೆಯಬೇಕು. ಅದಕ್ಕೆ ಹಳೆ ಕಚೇರಿಯ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ, ವಾಹನದ ಪರಿಶೀಲನೆ. ಎರಡೂ ರಾಜ್ಯಕ್ಕೆ ಒಂದೇ ಎಂದು 2021ರಲ್ಲಿ ಬಂದ ಬಿಎಚ್ ಸರಣಿ ಸರ್ಕಾರಿ ನೌಕರರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಗಳ ನೌಕರರಿಗೆ. ರೈತರಿಗೆ, ಅಂಗಡಿಯವರಿಗೆ ಅದು ಸಿಗದು.

ಹದಿಮೂರು ವರ್ಷದ ಕೆಎ ಕಾರನ್ನು ಕಡಿಮೆಗೆ ಸಿಕ್ಕಿತೆಂದು ತಂದು, ಹೆಸರು ಬದಲಿಸದೆ, ಮಾರಿದವರ ಹೆಸರಿನಲ್ಲೇ ಓಡಿಸುತ್ತ ಹದಿನೈದು ತುಂಬಿಸಿಕೊಂಡವರ ಪಾಡು ನೋಡಿದ್ದೇನೆ. ನವೀಕರಣಕ್ಕೆ ಮೂಲ ಮಾಲೀಕರ ಸಹಿ ಬೇಕು, ಅವರು ಊರು ಬಿಟ್ಟಿರುತ್ತಾರೆ. ಎಂಜಿನ್ ಗುಂಡುಕಲ್ಲಿನ ಹಾಗಿದೆ, ಆದರೆ ಗಾಡಿ ಹಿತ್ತಲಲ್ಲಿ ಕೋಳಿ ಗೂಡಾಗಿದೆ. ಆದ್ದರಿಂದ ಗಡಿ ದಾಟಿಸಿ ತರುವ ಕಾರಿನ ಬೆಲೆ ಮಾತಾಡುವಾಗ ನಿರಾಕ್ಷೇಪಣಾ ಪತ್ರ, ಹೆಸರು ವರ್ಗಾವಣೆ, ಇಲ್ಲಿನ ತೆರಿಗೆ, ಉಳಿದ ಆರ್‌ಸಿ ಅವಧಿ ನಾಲ್ಕನ್ನೂ ಸೇರಿಸಿ ಲೆಕ್ಕ ಹಾಕಿ. ಎಷ್ಟೋ ಸಲ ಆಮೇಲೆ ಅದು ಅಗ್ಗದ ಕಾರಾಗಿ ಉಳಿಯುವುದಿಲ್ಲ.

ಯಾವಾಗ ಬಿಟ್ಟುಬಿಡಬೇಕು? ಹಳೆ ಕಾರಿನ ಪರ ಇಷ್ಟು ಹೇಳಿದ ಮೇಲೆ ಇದನ್ನೂ ಹೇಳದಿದ್ದರೆ ಅನ್ಯಾಯ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಆಗ ಮಾರಾಟವಾಗುತ್ತಿದ್ದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ಜುಲೈನಲ್ಲಿ, ಪಕ್ಕದವರದ್ದು ಇನ್ನೂ ತಡವಾಗಿ. ನಮ್ಮ 2010, 2011ರ ಬಹಳಷ್ಟು ಕಾರುಗಳಲ್ಲಿ ಇವು ಯಾವುವೂ ಇಲ್ಲ, ಯಾವ ಮೆಕ್ಯಾನಿಕ್ಕೂ ಹಾಕಿಕೊಡಲಾರ. ಊರೊಳಗೆ, ತೋಟಕ್ಕೆ, ಲೇಪಾಕ್ಷಿ ಜಾತ್ರೆಗೆ, ಪಾವಗಡದವರೆಗೆ ಅಂಥ ಕಾರು ಸಾಕು. ವಾರಕ್ಕೊಮ್ಮೆ ಕೊಡಿಕೊಂಡದಲ್ಲಿ ಹೈವೇ ಹತ್ತಿ ಲಾರಿಗಳ ನಡುವೆ ಬೆಂಗಳೂರಿಗೆ ಹೋಗುವ ಮನೆಯವರು, ಅದರಲ್ಲೂ ರಾತ್ರಿ ಹೊತ್ತು, ಮಕ್ಕಳನ್ನು ಕೂರಿಸಿಕೊಂಡು ಹೋಗುವವರು, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬದಲಿಸುವುದು ಒಳ್ಳೆಯದು. ಈ ಒಂದು ವಿಷಯದಲ್ಲಿ ಮನೆಯ ಮಗ ಸರಿ, ಅಪ್ಪ ತಪ್ಪು.

ಹೆಡ್ ಬಾಗಿದ್ದು, ಗೇರ್‌ಬಾಕ್ಸೂ ಕೆಲಸ ಕೇಳುತ್ತಿದ್ದು, ಎರಡೂ ಸೇರಿ ಖರ್ಚು ಕಾರಿನ ಮಾರುಕಟ್ಟೆ ಬೆಲೆಯ ಅರ್ಧ ದಾಟಿದರೆ ಆಗಲೂ ನಿಲ್ಲಿಸಿಬಿಡಿ. ಹಳೆ ಡೀಸೆಲ್ ಕಾರಿನ ಇಂಜೆಕ್ಟರ್ ಮತ್ತು ಟರ್ಬೊ ಒಟ್ಟಿಗೆ ಕೈ ಕೊಟ್ಟರೂ ಅಷ್ಟೆ. ಬಿಡುವಾಗ ಗುಜರಿಯವರಿಗೆ ತೂಕಕ್ಕೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಆರ್‌ಸಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ, ಆ ಚಾಸಿ ನಂಬರ್ ಯಾವ ಗಾಡಿಯ ಮೇಲೆ ಎಲ್ಲಿ ಓಡುತ್ತದೋ ದೇವರೇ ಬಲ್ಲ. ಸರ್ಕಾರ ನೋಂದಾಯಿಸಿದ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಗಾಡಿ ಒಪ್ಪಿಸಿದ ಪ್ರಮಾಣಪತ್ರ ಸಿಗುತ್ತದೆ. ಮುಂದೆ ಹೊಸ ಖಾಸಗಿ ಕಾರು ಕೊಳ್ಳುವಾಗ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಎಷ್ಟು ಕೊಡುವುದೆಂಬುದು ರಾಜ್ಯದ ಕೈಯಲ್ಲಿರುವುದರಿಂದ ಮೊದಲೇ ಕೇಳಿಕೊಳ್ಳಿ.

ಇಟ್ಟುಕೊಳ್ಳುವವರು ಆರ್‌ಸಿ ಮುಗಿಯುವ ಅರವತ್ತು ದಿನ ಮುಂಚಿನಿಂದ ನಮೂನೆ 25ರಲ್ಲಿ ಅರ್ಜಿ ಹಾಕಬಹುದು. ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು, ಬಾಕಿ ಚಲನ್ ಕಟ್ಟಿರಬೇಕು, ಗಾಡಿಯನ್ನು ಅಧಿಕಾರಿಗೆ ತೋರಿಸಬೇಕು. ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್, ಕೈ ಬ್ರೇಕು, ಸೀಟ್ ಬೆಲ್ಟು ಇವನ್ನು ಹಿಂದಿನ ದಿನವೇ ಸರಿಮಾಡಿಸಿಕೊಂಡು ಹೋಗಿ, ಇಂಥ ಸಣ್ಣದಕ್ಕೇ ಎರಡನೇ ಸಲ ಅಲೆಯಬೇಕಾಗುವುದು. ನನ್ನ ಗಾಡಿಯ ಅವಧಿ 2026ರ ಜುಲೈಗೆ ಮುಗಿಯುತ್ತದೆ. ಅಷ್ಟರಲ್ಲಿ ಹಿಂದಿನ ಎರಡು ಟೈರು ಮತ್ತು ಎಡಗಡೆಯ ಲೋವರ್ ಆರ್ಮ್ ಆಗಬೇಕು. ಕೂಲೆಂಟಿನ ಡಬ್ಬಿ ಡಿಕ್ಕಿಯಲ್ಲಿದೆ.